ಕಲ್ಲು ನಿಂತಲ್ಲಿಗೇ ಉಪನ್ಯಾಸ ಬರಲಿ

ಊರೂರಿನ ಇತಿಹಾಸ ಬಳಗಗಳ ಪದಾಧಿಕಾರಿಗಳಿಗೆ, ಸದಸ್ಯರಿಗೆ, ತಿಂಗಳ ಉಪನ್ಯಾಸಕ್ಕೆ ತಪ್ಪದೆ ಬಂದು ಕೂರುವ ಹಿರಿಯರಿಗೆ,

ಮುಂದಿನ ವರ್ಷದ ಉಪನ್ಯಾಸಗಳ ಪಟ್ಟಿಯನ್ನು ನಿಮ್ಮ ಕಾರ್ಯಕಾರಿ ಸಮಿತಿ ಕೂತು ಗೊತ್ತುಮಾಡುವ ಮೊದಲೇ ಈ ಪತ್ರ ನಿಮ್ಮ ಕೈಸೇರಲಿ ಎಂದು ಅವಸರದಿಂದ ಬರೆಯುತ್ತಿದ್ದೇನೆ. ನಾನು ಕೇಳುವುದು ಇಷ್ಟೇ: ಆ ಪಟ್ಟಿಯಲ್ಲಿ ಅರ್ಧದಷ್ಟಾದರೂ ಉಪನ್ಯಾಸಗಳು ಸಭಾಂಗಣ ಬಿಟ್ಟು ಹಳ್ಳಿಗೆ ಹೋಗಲಿ. ಶಾಸನ ಎಲ್ಲಿ ನಿಂತಿದೆಯೋ, ವೀರಗಲ್ಲು ಯಾವ ಹೊಲದ ಬದುವಿನಲ್ಲಿ ವಾಲಿಕೊಂಡಿದೆಯೋ ಅಲ್ಲಿ, ಆ ಊರಿನವರ ಎದುರಿನಲ್ಲಿ, ಅವರಾಡುವ ಮಾತಿನಲ್ಲೇ ಅದನ್ನು ಓದಿ ಹೇಳುವುದು ನಮ್ಮ ಬಳಗಗಳ ಮುಖ್ಯ ಕೆಲಸವಾಗಲಿ. ತಮ್ಮೂರಿನ ಕಲ್ಲು ಏನು ಹೇಳುತ್ತದೆಂದು ಒಮ್ಮೆ ಕೇಳಿಸಿಕೊಂಡವರು ಅದನ್ನು ತಾವಾಗಿಯೇ ಕಾಯುತ್ತಾರೆ. ಏನೆಂದೇ ಗೊತ್ತಿಲ್ಲದ ಕಲ್ಲು ಇವತ್ತಲ್ಲ ನಾಳೆ ಮೋರಿಯ ಚಪ್ಪಡಿಯಾಗುತ್ತದೆ.

ಇತಿಹಾಸದ ಕೆಲಸವನ್ನು ಸರ್ಕಾರ ಮಾಡಲಿ ಎಂದು ಕೈಕಟ್ಟಿ ಕೂತ ನಾಡು ನಮ್ಮದಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿತು. ಅದರ ತ್ರೈಮಾಸಿಕ ಪತ್ರಿಕೆಯ ಹಳೆಯ ಸಂಚಿಕೆಗಳಿಲ್ಲದೆ ಮೈಸೂರು ಸೀಮೆಯ ಚರಿತ್ರೆ ಬರೆಯುವುದು ಇಂದಿಗೂ ಕಷ್ಟ. ಧಾರವಾಡದಲ್ಲಿ ಆಲೂರು ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಕಟ್ಟಿದಾಗ ಕನ್ನಡ ನಾಡು ಹಲವು ಆಡಳಿತಗಳ ಕೈಯಲ್ಲಿ ಹರಿದು ಹಂಚಿಹೋಗಿತ್ತು. ಒಂದು ನಾಡೆಂಬ ಭಾವ ಮೂಡಬೇಕಾದರೆ ಒಂದು ಚರಿತ್ರೆ ಕಣ್ಣಮುಂದೆ ಬರಬೇಕೆಂದು ಅವರು ನಂಬಿದರು. 1917ರ 'ಕರ್ನಾಟಕ ಗತವೈಭವ' ಬಂದದ್ದು ಆ ನಂಬಿಕೆಯಿಂದ. ಆಮೇಲೆ ಸೂರ್ಯನಾಥ ಕಾಮತರು ಕರ್ನಾಟಕ ಇತಿಹಾಸ ಅಕಾಡೆಮಿಯನ್ನು ಕಟ್ಟಿ ಬೆಳೆಸಿದರು. ಅದರ ವಾರ್ಷಿಕ ಸಮ್ಮೇಳನಗಳ ಪ್ರಬಂಧಗಳು 'ಇತಿಹಾಸ ದರ್ಶನ'ದಲ್ಲಿ ಅಚ್ಚಾಗುತ್ತ ಬಂದಿವೆ. ಮಲೆನಾಡಿನಲ್ಲಿ ಕೆಳದಿ ಗುಂಡಾ ಜೋಯಿಸರು ಓಲೆಗರಿ, ಕಾಗದಪತ್ರ, ಹಳೆಯ ವಸ್ತುಗಳನ್ನು ಕೂಡಿಸುತ್ತ ಕೂಡಿಸುತ್ತ ಒಂದು ವಸ್ತುಸಂಗ್ರಹಾಲಯವನ್ನೇ ನಿಲ್ಲಿಸಿದರು. ನಮ್ಮ ಬಳಗಗಳು ಈ ಹಿರಿಯರ ಸಾಲಿಗೆ ಸೇರಿದವು. ಅದಕ್ಕೇ ನಮ್ಮ ಮೇಲೆ ಹೆಚ್ಚಿನ ಹೊಣೆಯಿದೆ ಎನ್ನುತ್ತಿದ್ದೇನೆ.

ಈಗ ನಮ್ಮ ತಿಂಗಳ ಸಭೆಗಳನ್ನು ನೋಡಿ. ಸಂಜೆ ಸಭಾಂಗಣ, ಪ್ರಾರ್ಥನೆ, ಸ್ವಾಗತ, ಮುಖ್ಯ ಅತಿಥಿಗಳ ನಾಲ್ಕು ಮಾತು, ಆಮೇಲೆ ಉಪನ್ಯಾಸ, ವಂದನಾರ್ಪಣೆ. ವಿಷಯ ವಿಜಯನಗರದ ವೈಭವ, ಇಲ್ಲವೇ ಹೊಯ್ಸಳರ ಶಿಲ್ಪ, ಇಲ್ಲವೇ ಚಾಲುಕ್ಯರ ಆಡಳಿತ. ಬರುವ ವಿದ್ವಾಂಸರು ಓದಿಕೊಂಡು ಬರುತ್ತಾರೆ, ಚೆನ್ನಾಗಿ ಹೇಳುತ್ತಾರೆ. ಆ ವಿದ್ವತ್ತಿನ ಬಗ್ಗೆ ನನಗೆ ಗೌರವವಿದೆ. ಆದರೆ ಮುಂದಿನ ಸಾಲಿನಲ್ಲಿ ಕೂತವರು ಬಹಳ ವರ್ಷಗಳಿಂದ ಅವರೇ. ವರ್ಷಕ್ಕೆ ಒಬ್ಬಿಬ್ಬರು ಕಡಿಮೆಯಾಗುತ್ತಾರೆ. ಖಾಲಿಯಾದ ಕುರ್ಚಿಗೆ ಹೊಸಬರು ಬರುತ್ತಿಲ್ಲ. ಹೆಂಗಸರು ಬೆರಳೆಣಿಕೆಯಷ್ಟು. ಸುತ್ತಲ ಹಳ್ಳಿಗಳಿಂದ ಬರುವವರು ಇಲ್ಲವೆಂದರೂ ನಡೆಯುತ್ತದೆ, ಏಕೆಂದರೆ ಕೊನೆಯ ಬಸ್ಸು ನಮ್ಮ ವಂದನಾರ್ಪಣೆಗೆ ಮೊದಲೇ ಹೊರಟುಬಿಡುತ್ತದೆ.

ಆ ಹಳ್ಳಿಗಳಲ್ಲಿ ಅದೇ ಹೊತ್ತಿನಲ್ಲಿ ಏನಾಗುತ್ತಿದೆ? ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಬೇಲಿಯ ಜೊತೆಗೆ ವೀರಗಲ್ಲನ್ನೂ ಎತ್ತಿ ಬದಿಗೆಸೆಯುತ್ತದೆ. ಅಕ್ಷರ ಇರುವ ಮುಖ ಕೆಳಗಾಗಿ ಬಿದ್ದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಗೋಡೆಯ ಶಾಸನದ ಮೇಲೆ ಟೈಲ್ಸ್ ಕೂರುತ್ತದೆ, ಇಲ್ಲವೇ ಆಯಿಲ್ ಪೇಂಟ್ ಅಕ್ಷರಗಳ ಗೆರೆಯನ್ನೆಲ್ಲ ತುಂಬಿಬಿಡುತ್ತದೆ. ಶಾಸನದಲ್ಲಿ ನಿಧಿಯ ಗುರುತು ಬರೆದಿದೆ ಎಂಬ ಮಾತನ್ನು ನಂಬಿ ಅಮಾವಾಸ್ಯೆಯ ರಾತ್ರಿ ಬುಡ ಅಗೆದು ಕಲ್ಲನ್ನೇ ಸೀಳಿಹಾಕಿದ ಊರುಗಳಿವೆ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. ಹೊಲದ ಬದುವಿನ ವೀರಗಲ್ಲು, ಕೆರೆ ಏರಿಯ ಶಾಸನ, ಊರಬಾಗಿಲ ಮಾಸ್ತಿಗಲ್ಲು, ಇವುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳ ಪಕ್ಕ ಕಾವಲುಗಾರನಿಲ್ಲ, ನೀಲಿ ಫಲಕವೂ ಇಲ್ಲ. ಊರವರು ಕಾಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲಿ ಏನಿದೆ ಎಂದು ತಿಳಿಯಲು ನಾವು ಕತ್ತಲಲ್ಲಿ ತಡಕಬೇಕಾಗಿಲ್ಲ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸೀಮೆಯನ್ನೂ ಕೊಡಗನ್ನೂ ತಾಲ್ಲೂಕು ತಾಲ್ಲೂಕಾಗಿ ಸುತ್ತಿಸಿ, ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅವರ ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹೊಸದಾಗಿ ಸಿಕ್ಕಿದ್ದನ್ನು ಸೇರಿಸುತ್ತ ಹೋದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ಉತ್ತರದ ಜಿಲ್ಲೆಗಳಿಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳಿವೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ. ನಿಮ್ಮ ತಾಲ್ಲೂಕಿನ ಪುಟ ತೆರೆದರೆ ಊರಿನ ಹೆಸರು, ಕಲ್ಲು ಇರುವ ಜಾಗ, ಪಾಠ, ಕಾಲ ಎಲ್ಲವೂ ಅಲ್ಲಿದೆ. ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿ, ಕೆರೆಯ ಯಾವ ಕಡೆಗೆ ಎಂದು ಬರೆದಿಟ್ಟಿದ್ದಾರೆ. ನೂರು ವರ್ಷಕ್ಕೂ ಹಿಂದೆ ಆ ಕಲ್ಲು ಅಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಈ ಪುಸ್ತಕ ಹಿಡಿದು ಒಂದೊಂದೇ ಊರಿಗೆ ಹೋಗಿ, ಇದೆಯೋ ಇಲ್ಲವೋ ನೋಡಿ ಬರುವುದು ಯಾವ ಬಳಗವೂ ಮಾಡಬಹುದಾದ ಕೆಲಸ. ಅದಕ್ಕೆ ಪದವಿ ಬೇಡ, ಅನುದಾನ ಬೇಡ.

ಬೆಂಗಳೂರಿನ ಹೆಬ್ಬಾಳದ ಸಂಗತಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ, ಆದರೂ ಬರೆಯುತ್ತೇನೆ. 2018ರಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆದಾಗ ಒಂದು ಕಲ್ಲು ಎದ್ದಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದ್ದು. ರಟ್ಟವಾಡಿಯವರು ದಂಡೆತ್ತಿ ಬಂದಾಗ ಪೆರ್ಬೊಳಲನಾಡಿನ ಪರವಾಗಿ ಕಾದಾಡಿ ಸತ್ತ ಕಿತ್ತಯನ ನೆನಪಿನ ವೀರಗಲ್ಲು ಅದು. ಬೆಂಗಳೂರು ನಗರದೊಳಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ದಿನಕ್ಕೆ ಲಕ್ಷಗಟ್ಟಲೆ ವಾಹನಗಳು ಹಾದುಹೋಗುವ ಹೆದ್ದಾರಿಯ ಪಕ್ಕದ ಬಡಾವಣೆ. ಮಣ್ಣಿನ ರಾಶಿಯ ಜೊತೆಗೆ ಆ ಕಲ್ಲೂ ಲಾರಿ ಹತ್ತಿ ಹೋಗಿದ್ದರೆ ಕೇಳುವವರು ಯಾರೂ ಇರುತ್ತಿರಲಿಲ್ಲ. ಹಾಗಾಗಲಿಲ್ಲ. ಕಂಡವರು ನಿಲ್ಲಿಸಿದರು, ಬಲ್ಲವರಿಗೆ ತಿಳಿಸಿದರು, ಅವರು ಬಂದು ಓದಿದರು. ಮುಖ್ಯವಾದದ್ದು ಆಮೇಲೆ ನಡೆಯಿತು: ಓದಿದ್ದನ್ನು ಅಲ್ಲಿನ ನಿವಾಸಿಗಳಿಗೆ ಹೇಳಿದರು. ಆ ಬಡಾವಣೆಯವರಿಗೆ ಕಿತ್ತಯ ತಮ್ಮವನಾದ. ಇತಿಹಾಸಾಸಕ್ತರೂ ನಿವಾಸಿಗಳೂ ಹಣ ಕೂಡಿಸಿ ಆ ಕಲ್ಲಿಗೆ ಹೆಬ್ಬಾಳದಲ್ಲೇ ಒಂದು ಮಂಟಪ ಕಟ್ಟಿದರು. ಅವರು ಇಲಾಖೆಯ ಆದೇಶಕ್ಕೆ ಕಾಯಲಿಲ್ಲ. ಒಂದು ಊರು ತನ್ನ ಕಲ್ಲಿನ ಮಾತು ಕೇಳಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು.

ಬೇಗೂರಿನದು ಇನ್ನೊಂದು ಬಗೆ. ಆ ಊರಿನ ಎರಡು ಕಲ್ಲುಗಳು ಪ್ರಸಿದ್ಧ. ಒಂದರ ಮೇಲೆ ಆನೆ, ಕುದುರೆ, ಬಿಲ್ಲಾಳುಗಳ ದೊಡ್ಡ ಕಾಳಗವೇ ಇದೆ. ಗಂಗರಸ ಎರೆಯಪ್ಪನ ಪರವಾಗಿ ನಾಗತ್ತರನು ಕಾದಿ ಮಡಿದದ್ದನ್ನೂ ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಇರುಗನಿಗೆ ಕೊಟ್ಟದ್ದನ್ನೂ ಅದು ಹೇಳುತ್ತದೆ. ಅದು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲೇ ಉಳಿದಿದೆ. ನೋಡಲು ಅಂಥ ಅಲಂಕಾರವೇನಿಲ್ಲ. ಆದರೆ ನಾಗತ್ತರನ ಕಡೆಯವರು ಬೆಂಗಳೂರ ಕಾಳಗದಲ್ಲಿ ಸತ್ತರೆಂದು ಅದರಲ್ಲಿ ಬರೆದಿದೆ, ಕಾಲ ಕ್ರಿ.ಶ. ಸುಮಾರು 890. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮೊದಲೇ ಬೆಂಗಳೂರೆಂಬ ಊರಿತ್ತು ಎನ್ನಲು ಆ ಕಲ್ಲೇ ಆಧಾರ. ಗುಡಿಗೆ ಬಂದವರು ಅದನ್ನು ಹುಡುಕಿಕೊಂಡು ಹೋಗಿ ನೋಡುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ. ಚೆಲುವಾದ ಕಲ್ಲು ಗಾಜಿನಾಚೆ ಕ್ಷೇಮವಾಗಿದೆ, ಸರಳವಾದ ಕಲ್ಲು ಊರಿನೊಳಗೆ ಬದುಕಿದೆ. ಎರಡರಲ್ಲಿ ಯಾವುದು ಹೆಚ್ಚು ಜನರಿಗೆ ತಲುಪಿದೆ ಎಂದು ಕೇಳಿದರೆ, ನನ್ನ ಉತ್ತರ ಊರಿನಲ್ಲಿ ಉಳಿದದ್ದು.

ವಸ್ತುಸಂಗ್ರಹಾಲಯ ಬೇಡ ಎನ್ನುತ್ತಿಲ್ಲ. ಆತಕೂರಿನ ಕಲ್ಲನ್ನು ನೆನೆಯಿರಿ. ಕ್ರಿ.ಶ. 949–950ರ ಆ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ದೊಡ್ಡ ಯುದ್ಧವನ್ನು ಹೇಳುತ್ತದೆ. ಜೊತೆಗೆ ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಗಂಗ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗೊರವನು ಉಣ್ಣಬಾರದೆಂದು ಕಟ್ಟುಮಾಡಿದರು. ಇಂಥ ಕಲ್ಲು ಮಳೆಬಿಸಿಲಿಗೆ ಸವೆಯದೆ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವುದು ಭಾಗ್ಯವೇ ಸರಿ. ಆದರೆ ಅದನ್ನು ನಿಲ್ಲಿಸಿದ್ದು ಮಂಡ್ಯ ಜಿಲ್ಲೆಯ ಆತಕೂರಿನ ಜನರ ಕಣ್ಣೆದುರಿಗೆ. ಆ ಕಥೆಯನ್ನು ಆತಕೂರಿನ ಗುಡಿಯ ಮುಂದೆ ವರ್ಷಕ್ಕೊಮ್ಮೆ ಹೇಳುವವರು ಬೇಕು. ಅಂಥ ಕೆಲಸ ಬಳಗದ್ದು. ಕಲ್ಲು ಊರು ಬಿಟ್ಟು ಹೋಗಿದ್ದರೆ ಅದರ ಪ್ರತಿಕೃತಿಯನ್ನಾದರೂ ಊರಿಗೆ ತರಿಸಬಹುದು. ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಪ್ರತಿಕೃತಿಯನ್ನು ಬೇಲೂರು ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ ನಿಲ್ಲಿಸಿದ ಮೇಲೆ ಕನ್ನಡ ಓದುವವರು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾರೆ.

ಕಲ್ಲಿನ ಬಳಿ ನಡೆಯುವ ಉಪನ್ಯಾಸ ಹೇಗಿರಬೇಕು? ನಾನು ಕೂತು ಕೇಳಿದ ಒಂದು ಸಂಜೆಯನ್ನು ಹೇಳುತ್ತೇನೆ. ಬಯಲುಸೀಮೆಯ ಒಂದು ಹಳ್ಳಿ, ಊರಾಚೆ ಹುಣಸೆಮರದ ಕೆಳಗೆ ವೀರಗಾರನ ಗುಡಿ. ಗುಡಿ ಎಂದರೆ ಮೂರು ಚಪ್ಪಡಿ, ಒಳಗೆ ಒಂದು ವೀರಗಲ್ಲು. ಎಣ್ಣೆ ಹಚ್ಚಿ ಹಚ್ಚಿ ಕಲ್ಲು ಕಪ್ಪಾಗಿತ್ತು. ಬಳಗದವರು ಮೊದಲೇ ಬಂದು ಊರಿನ ಹಿರಿಯರ ಒಪ್ಪಿಗೆ ಕೇಳಿದ್ದರು, ಪೂಜೆ ಮಾಡುವ ಮನೆಯವರಿಂದಲೇ ಬಿಸಿನೀರಿನಲ್ಲಿ ಕಲ್ಲು ತೊಳೆಸಿದ್ದರು. ಹೊತ್ತು ಇಳಿಯುವಾಗ ಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳು ಒಂದೊಂದೇ ಎದ್ದುನಿಂತವು. ಓದಿದವರು ಹಳಗನ್ನಡದ ಸಾಲನ್ನು ನಿಧಾನವಾಗಿ ಓದಿ, ಕೂಡಲೇ ಆಡುಮಾತಿನಲ್ಲಿ ಹೇಳಿದರು: ಕಳ್ಳರು ಊರ ದನ ಹೊಡೆದುಕೊಂಡು ಹೋಗುವಾಗ ಅಡ್ಡನಿಂತು, ದನ ಬಿಡಿಸಿ ಸತ್ತವನು ಇವನು, ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಪೂಜೆ ಮಾಡುವ ಮನೆಯ ಹಿರಿಯರು ಎದ್ದು, 'ಸ್ವಾಮೀ, ನಮ್ಮಪ್ಪನ ಕಾಲದಿಂದ ಎಣ್ಣೆ ಹಚ್ತಾ ಇದ್ದೀವಿ. ಇವನು ಯಾರು, ಏನು ಮಾಡಿ ಸತ್ತ ಅಂತ ಇವತ್ತು ಗೊತ್ತಾಯ್ತು' ಎಂದರು. ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಪಕ್ಕದ ಊರಿನಲ್ಲೂ ಇಂಥದ್ದೊಂದು ಇದೆ ಎಂದರು ಒಬ್ಬರು. ತಮ್ಮ ತೋಟದ ಬಾವಿಯ ಪಕ್ಕ ಬರವಣಿಗೆ ಇರುವ ಕಲ್ಲಿದೆ ಎಂದರು ಒಬ್ಬ ಹೆಣ್ಣುಮಗಳು. ಸಭಾಂಗಣದ ಯಾವ ಉಪನ್ಯಾಸದ ಕೊನೆಯಲ್ಲೂ ಇಂಥ ಸುದ್ದಿ ನಮಗೆ ಸಿಕ್ಕಿಲ್ಲ.

ಆ ಸಂಜೆಯ ಪ್ರತಿ ಹೆಜ್ಜೆಯಲ್ಲೂ ಕಲಿಯುವುದಿದೆ. ಒಪ್ಪಿಗೆ ಕೇಳುವುದು ಮೊದಲನೆಯದು: ನಮಗೆ ಅದು ಶಾಸನ, ಅವರಿಗೆ ದೇವರು. ಚಪ್ಪಲಿ ಬಿಟ್ಟು ಹೋಗಬೇಕು. ಎಣ್ಣೆ ಹಚ್ಚಬೇಡಿ ಎಂದು ಬುದ್ಧಿ ಹೇಳುವ ಹುಮ್ಮಸ್ಸು ಬೇಡ. ಅಕ್ಷರ ಇರುವ ಭಾಗಕ್ಕೆ ಬೇಡ, ಪಾದಕ್ಕೆ ಹಚ್ಚಿ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ತಂತಿ ಬ್ರಷ್, ಆಸಿಡ್ಡು, ಬಣ್ಣ ಇವುಗಳನ್ನು ಹತ್ತಿರ ಬಿಡಬಾರದು. ನೀರು, ಮೆತ್ತನೆಯ ನಾರಿನ ಬ್ರಷ್ ಸಾಕು. ಬಿಸಿಲು ಸರಿಯಿಲ್ಲದಿದ್ದರೆ ಬದಿಯಿಂದ ಟಾರ್ಚ್ ಹಿಡಿದರೂ ಅಕ್ಷರ ಕಾಣುತ್ತದೆ. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ತಟ್ಟಿ ಮಸಿ ಹಚ್ಚಿ ಅಚ್ಚು ತೆಗೆಯುವುದನ್ನು ಬಲ್ಲವರಿದ್ದರೆ ಮಕ್ಕಳ ಎದುರಿಗೇ ತೆಗೆಸಿ. ಬಿಳಿ ಅಕ್ಷರಗಳು ಕಪ್ಪು ಕಾಗದದ ಮೇಲೆ ಮೂಡುವುದನ್ನು ಕಂಡ ಹುಡುಗ ಹುಡುಗಿಯರು ಆ ಕಲ್ಲಿನ ಮೇಲೆ ಇನ್ನೆಂದೂ ಬ್ಯಾಟು ಆನಿಸಿಡುವುದಿಲ್ಲ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಡುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ಅಂಥವರನ್ನು ನಿಮ್ಮ ತಾಲ್ಲೂಕಿಗೆ ಕರೆಸಿ.

ಸಭೆ ಎಲ್ಲಿ ಸೇರಿಸುತ್ತೇವೆ ಎನ್ನುವುದೂ ಮುಖ್ಯ. ಗುಡಿಯ ಒಳಗೆ ಸೇರಿಸಿದರೆ ಊರಿನ ಎಲ್ಲ ಕೇರಿಯವರೂ ಬಂದಾರೆ ಎಂದು ಹೇಳಲಾಗದ ಊರುಗಳು ಇಂದಿಗೂ ಇವೆ. ಬಯಲಿನಲ್ಲಿ, ಶಾಲೆಯ ಅಂಗಳದಲ್ಲಿ, ಅರಳಿಕಟ್ಟೆಯ ಸುತ್ತ ಸೇರಿಸಿ. ಕೇರಿ ಕೇರಿಗೂ ಹೋಗಿ ಕರೆಯಿರಿ. ಸಂಜೆ ಹಾಲು ಕರೆದ ಮೇಲೆ ಇಟ್ಟುಕೊಂಡರೆ ಹೆಂಗಸರು ಬರುತ್ತಾರೆ.

ಇನ್ನು, ಏನು ಹೇಳಬೇಕು, ಏನು ಹೇಳಬಾರದು ಎಂಬುದರ ಬಗ್ಗೆ ನನಗೆ ಆತಂಕವಿದೆ, ಅದನ್ನು ಮುಚ್ಚಿಡುವುದಿಲ್ಲ. ಊರಿನ ಚರಿತ್ರೆ ಕೈಗೆ ಸಿಕ್ಕ ಕೂಡಲೇ ವೀರ ನಮ್ಮ ಕುಲದವನು, ನಿಮ್ಮವನಲ್ಲ ಎಂಬ ಜಗಳ ಎದ್ದೀತು. ಇಲ್ಲದ ರಾಜ, ಬರದ ರಾಣಿ, ಸಾವಿರ ವರ್ಷ ಹೆಚ್ಚಿಸಿದ ಕಾಲ ಇವೆಲ್ಲ ಸ್ಥಳಪುರಾಣಕ್ಕೆ ಸೇರಿಕೊಂಡಾವು. ಕಲ್ಲಿನಲ್ಲಿ ಎಷ್ಟಿದೆಯೋ ಅಷ್ಟನ್ನೇ ಹೇಳುವ ಶಿಸ್ತು ನಮ್ಮದಾಗಬೇಕು. ಅಕ್ಷರ ಸವೆದಿದ್ದರೆ ಸವೆದಿದೆ ಎನ್ನಬೇಕು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', ಆರ್. ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು' ಇವೆರಡನ್ನು ಪ್ರತಿ ಬಳಗದ ಕಪಾಟಿನಲ್ಲಿಟ್ಟು, ಉಪನ್ಯಾಸ ಕೊಡುವವರು ಓದಿಯೇ ಹೊರಡುವಂತಾಗಲಿ. ರಾಜರ ಹೆಸರು ಮುಗಿದ ಮೇಲೆ ಶಾಸನದಲ್ಲಿ ಇನ್ನೂ ಎಷ್ಟೊಂದು ಜನ ಇದ್ದಾರೆ ಎಂದು ಅವು ತೋರಿಸಿಕೊಡುತ್ತವೆ: ದನ ಕಾಯ್ದವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು, ಒಡೆಯ ಸತ್ತಾಗ ತಾವೂ ಪ್ರಾಣ ಕೊಟ್ಟ ಆಳುಗಳು, ಸಲ್ಲೇಖನ ಕೈಗೊಂಡ ಜೈನ ಸಾಧಕರು. ಇವರ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇಲ್ಲ.

ಮಾಸ್ತಿಗಲ್ಲಿನ ಮುಂದೆ ನಿಂತಾಗ ಇನ್ನಷ್ಟು ಎಚ್ಚರ ಬೇಕು. ಬಳೆ ತೊಟ್ಟ ಎತ್ತಿದ ಕೈ, ಪಕ್ಕದಲ್ಲಿ ಗಂಡನ ಕಾಳಗ. ಕೆಲವು ಉಪನ್ಯಾಸಕರು ಅಲ್ಲಿ ಪಾತಿವ್ರತ್ಯದ ಹೊಗಳಿಕೆಗೆ ಇಳಿದುಬಿಡುತ್ತಾರೆ. ಹಾಗೆ ಮಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ಒಬ್ಬ ಹೆಂಗಸು ಬೆಂಕಿಗೆ ಬಿದ್ದ ಜಾಗ ಅದು. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೂ ಇಲ್ಲ. ಅದನ್ನು ಉಳಿಸಿಕೊಳ್ಳುವುದು ಪೂಜೆಗಲ್ಲ, ಅಂಥದ್ದೊಂದು ನಡೆದಿತ್ತು ಎಂದು ನಮ್ಮ ಹೆಣ್ಣುಮಕ್ಕಳಿಗೆ ಸುಳ್ಳಿಲ್ಲದೆ ಹೇಳುವುದಕ್ಕೆ.

ನಿಧಿಯ ಮಾತನ್ನೂ ಪ್ರತಿ ಸಭೆಯಲ್ಲಿ ಎತ್ತಿ ಆಡಿಬಿಡಬೇಕು. ಶಾಸನದಲ್ಲಿ ಇರುವುದು ದಾನ, ಕಟ್ಟಳೆ, ಕಾಳಗ, ಸಾವು. ಗುಪ್ತಧನದ ದಾರಿ ಯಾವ ಶಾಸನದಲ್ಲೂ ಇಲ್ಲ. ಸಾಲು ಸಾಲಾಗಿ ಓದಿ ಹೇಳಿದರೆ ಆ ನಂಬಿಕೆ ಅಲ್ಲೇ ಸಡಿಲವಾಗುತ್ತದೆ. ನಿಧಿಗಳ್ಳರ ಗುದ್ದಲಿಯನ್ನು ತಡೆಯುವುದರಲ್ಲಿ ಪೊಲೀಸರಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆಂದು ನಾನು ನಂಬಿದ್ದೇನೆ.

ಬಳಗಗಳು ಕಲ್ಲಿಗಷ್ಟೇ ನಿಲ್ಲಬಾರದು, ಕಲ್ಲು ಹೇಳುವ ಕೆರೆಯನ್ನೂ ನೋಡಬೇಕು. ಬೆಂಗಳೂರಿನ ಅಗರದ 9ನೇ ಶತಮಾನದ ಶಾಸನದಲ್ಲಿ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣದಲ್ಲಿ ಇನ್ನೊಂದು ಕೆರೆ ಕಟ್ಟಿಸಿ, ಆ ಕೆರೆಗಳ ಬಿತ್ತುವಟ್ಟವನ್ನು ಪಡೆದದ್ದು ಬರೆದಿದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ. ಹೀಗೆ ಭೂಮಿ ಬಿಡುವ ಪದ್ಧತಿ ಈ ನಾಡಿನಲ್ಲಿ ಸಾವಿರ ವರ್ಷ ನಡೆದುಬಂತು. ಅದರ ಕೊನೆಯ ಕೊಂಡಿ ನಮ್ಮ ನೀರುಗಂಟಿಗಳು. ಯಾವ ತೂಬು ಯಾವಾಗ ಎತ್ತಬೇಕು, ಕೋಡಿ ಬಿದ್ದರೆ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ, ಬರದ ವರ್ಷ ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲು ನೀರು, ಇದೆಲ್ಲ ಅವರ ತಲೆಯಲ್ಲಿದೆ. ಹಲವು ಊರುಗಳಲ್ಲಿ ಆ ಕೆಲಸ ಮಾಡಿದ ಕೊನೆಯ ತಲೆಮಾರು ಈಗ ಎಂಬತ್ತು ದಾಟಿದೆ. ಶಾಸನ ಓದಲು ಬರುವ ವಿದ್ವಾಂಸರ ಪಕ್ಕದ ಕುರ್ಚಿಯಲ್ಲಿ ಆ ಊರಿನ ನೀರುಗಂಟಿಯನ್ನು ಕೂರಿಸಿ. ಕೆರೆ ಏರಿಯ ಮೇಲೆ ಮೊದಲ ಅರ್ಧ ಗಂಟೆ ಕಲ್ಲು ಮಾತಾಡಲಿ, ಉಳಿದ ಹೊತ್ತೆಲ್ಲ ಅವರು ಮಾತಾಡಲಿ. ಶಾಲು ಹೊದಿಸುವುದಾದರೆ ಇಬ್ಬರಿಗೂ ಹೊದಿಸಿ.

ಮನೆಗಳ ಅಟ್ಟದಲ್ಲಿರುವುದೂ ಅಷ್ಟೇ ಅವಸರದ್ದು. ಶಾನುಭೋಗಿಕೆ, ಪಟೇಲಿಕೆಯಂಥ ವಂಶಪಾರಂಪರ್ಯದ ಹುದ್ದೆಗಳು 1961ರ ಇನ್ನೊಂದು ಕಾಯ್ದೆಯಿಂದ ರದ್ದಾದ ಮೇಲೆ ಆ ಮನೆಗಳ ಕಡತ, ಲೆಕ್ಕದ ಪುಸ್ತಕಗಳು ಮೂಲೆಗೆ ಬಿದ್ದವು. ಮೋಡಿ ಅಕ್ಷರ ಓದುವವರು ಮನೆಯಲ್ಲಿ ಉಳಿಯಲಿಲ್ಲ. ಎಷ್ಟೋ ಕಡೆ ಹಳೆಮನೆ ಕೆಡವುವಾಗ ಒಲೆಗೆ ಹೋದವು. ಕರ್ನಲ್ ಮೆಕೆಂಜಿಯ ಕಾಲದಲ್ಲಿ ಊರೂರಿನಿಂದ ಬರೆಸಿ ತರಿಸಿಕೊಂಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದರಿಂದ ನಮಗೆ ಆ ಕಾಲದ ಹಳ್ಳಿ ಕಾಣುತ್ತದೆ. ಆಮೇಲಿನ ಕಾಲದ ಹಳ್ಳಿ ಈ ಅಟ್ಟಗಳಲ್ಲಿದೆ. ಕಾಗದ ಕೊಡಿ ಎಂದರೆ ಮನೆಯವರು ಹೆದರುತ್ತಾರೆ, ಆಸ್ತಿಯ ತಕರಾರು ಎದ್ದೀತೆಂಬ ಅಳುಕೂ ಇರುತ್ತದೆ. ಕೊಡಬೇಕಾಗಿಲ್ಲ, ನಿಮ್ಮ ಜಗಲಿಯ ಮೇಲೆಯೇ ಫೋಟೊ ತೆಗೆದುಕೊಂಡು ವಾಪಸು ಕೊಡುತ್ತೇವೆ ಎನ್ನಿ. ವರ್ಷಕ್ಕೊಂದು ದಿನ 'ಹಳೆಯ ಕಾಗದ ತನ್ನಿ' ಎಂದು ಕರೆದು, ಓದಬಲ್ಲ ಇಬ್ಬರನ್ನು ಕೂರಿಸಿ ನೋಡಿ. ನಿಮ್ಮ ವರ್ಷದ ಎಲ್ಲ ಸಭೆಗಳಿಗಿಂತ ಆ ದಿನ ಹೆಚ್ಚು ಜನ ಸೇರುತ್ತಾರೆ.

ಬದುಕಿರುವವರ ನೆನಪನ್ನೂ ಕೇಳಿ ಬರೆದುಕೊಳ್ಳಿ. ಸ್ವಾತಂತ್ರ್ಯ ಹೋರಾಟದಲ್ಲಿ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದನ್ನು, ಅದೇ ತಿಂಗಳು ಶಿವಪುರದಲ್ಲಿ ಧ್ವಜ ಏರಿದ್ದನ್ನು, 1942ರಲ್ಲಿ ಈಸೂರು ಎದ್ದುನಿಂತದ್ದನ್ನು ಕಣ್ಣಾರೆ ಕಂಡವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಅವರ ಮಕ್ಕಳು ಇದ್ದಾರೆ. ದೊಡ್ಡ ಘಟನೆ ನಡೆಯದ ಊರಿನಲ್ಲೂ ಪ್ಲೇಗು ಬಂದು ಊರು ಬಿಟ್ಟದ್ದು, ಮೊದಲ ಬಸ್ಸು ಬಂದದ್ದು, ಕರೆಂಟು ಬಂದದ್ದು, ಉಳುವವನಿಗೆ ಭೂಮಿ ಬಂದದ್ದು, ಇವೆಲ್ಲ ಚರಿತ್ರೆಯೇ. ಅದನ್ನು ಹೇಳಲು ಅಜ್ಜಿಯರಿಗೆ ಮೈಕು ಕೊಡಿ.

ಪುರಾತತ್ವ ಇಲಾಖೆಯ 'ಪ್ರಾಚ್ಯಪ್ರಜ್ಞೆ' ಕಾರ್ಯಕ್ರಮ ಪ್ರೌಢಶಾಲೆಗಳಲ್ಲಿ ನಡೆಯುತ್ತದೆ. ಪ್ರಬಂಧ, ಚಿತ್ರ, ರಸಪ್ರಶ್ನೆ, ಬಹುಮಾನ, ಎಲ್ಲ ಸರಿ. ಅದರ ಜೊತೆಗೆ ಒಂದು ಶಾಲೆಯ ಮಕ್ಕಳಿಗೆ ಅವರದೇ ಊರಿನ ಒಂದು ಕಲ್ಲನ್ನು ಬಳಗ ಒಪ್ಪಿಸಲಿ. ವರ್ಷಕ್ಕೆರಡು ಸಲ ಹೋಗಿ ಫೋಟೊ ತೆಗೆದು, ಹೇಗಿದೆ ಎಂದು ಶಾಲೆಯ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು.

ಕೊನೆಯದಾಗಿ ಆಡಳಿತದ ವಿಷಯ; ಇಲ್ಲಿ ನಮ್ಮ ಬಳಗಗಳು ಬಹಳ ಹಿಂದಿವೆ. ನಮ್ಮ ಟಿಪ್ಪಣಿಗಳು ನಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿ ನಮ್ಮ ಮನೆಗಳಲ್ಲೇ ಉಳಿಯುತ್ತವೆ. ಕಲ್ಲು ಕಳೆಯುವುದು ಕಾಮಗಾರಿಯ ದಿನ. ಆ ದಿನ ಜೆಸಿಬಿಯ ಮುಂದೆ ಇರುವವರು ಗುತ್ತಿಗೆದಾರ ಮತ್ತು ಪಂಚಾಯಿತಿಯವರು. ಆದ್ದರಿಂದ ನಿಮ್ಮ ಪಟ್ಟಿ ಅವರ ಕೈಯಲ್ಲಿರಬೇಕು. ಊರು, ಸರ್ವೆ ನಂಬರು, ಕಲ್ಲಿನ ಅಳತೆ, ಸಂಪುಟದಲ್ಲಿ ಅದರ ಸಂಖ್ಯೆ, ಎರಡು ಫೋಟೊ, ಎರಡು ಸಾಲಿನ ಸಾರಾಂಶ ಇಷ್ಟಿದ್ದರೆ ಸಾಕು. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಪಿಡಿಒಗೆ, ಒಂದು ತಹಸೀಲ್ದಾರರಿಗೆ, ಒಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರರಿಗೆ, ಒಂದು ಮೈಸೂರಿನ ಪುರಾತತ್ವ ಇಲಾಖೆಗೆ, ಒಂದು ಊರಿನ ಶಾಲೆಗೆ. ಗ್ರಾಮಸಭೆಯಲ್ಲಿ ಅದನ್ನು ಓದಿ ನಡಾವಳಿಯಲ್ಲಿ ಸೇರಿಸಲು ಕೇಳಿ. ನಡಾವಳಿಯಲ್ಲಿ ದಾಖಲಾದ ಕಲ್ಲನ್ನು ಗೊತ್ತಿರಲಿಲ್ಲ ಎಂದು ಹೇಳಿ ಯಾರೂ ಎತ್ತಿ ಒಗೆಯುವಂತಿಲ್ಲ. ಕಲ್ಲಿನ ಪಕ್ಕ ಒಂದು ಸಣ್ಣ ಫಲಕವನ್ನೂ ನಿಲ್ಲಿಸಿ. ಅದರಲ್ಲಿ ದಾನಿಗಳ ಹೆಸರು, ಅಧ್ಯಕ್ಷರ ಹೆಸರು ಬೇಡ. ಕಲ್ಲಿನ ಮಾತು ಹೊಸಗನ್ನಡದಲ್ಲಿ ದೊಡ್ಡ ಅಕ್ಷರದಲ್ಲಿರಲಿ.

ಇದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಮುಗಿಸಿ ಎನ್ನುತ್ತಿಲ್ಲ. ಸಭಾಂಗಣದ ಬಾಡಿಗೆ, ಬ್ಯಾನರು, ಹಾರ, ಸ್ಮರಣಿಕೆಗೆ ಆಗುವ ಖರ್ಚಿನಲ್ಲಿ ಒಂದು ವ್ಯಾನು ಮಾಡಿಕೊಂಡು ಹೋಗಿ ಬರಬಹುದು. ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ತಾಲ್ಲೂಕಿನ ಶಾಸನ ಸಂಪುಟವನ್ನು ತೆಗೆದುಕೊಂಡು ಹೋಗಿ. ಅದರಿಂದ ಒಂದು ಊರನ್ನು ಆರಿಸಿ, ಆ ವಾರವೇ ಇಬ್ಬರು ಹೋಗಿ ಕಲ್ಲು ಇದೆಯೇ ನೋಡಿ ಬನ್ನಿ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಮಳೆ ನಿಂತು ಬಿಸಿಲು ಹಿತವಾಗಿರುವ ಕಾಲ. ಆ ವಾರದ ಉಪನ್ಯಾಸವನ್ನು ಆ ಊರಿಗೇ ಗೊತ್ತುಮಾಡಿ, ಆಹ್ವಾನ ಪತ್ರಿಕೆಯಲ್ಲಿ ಸ್ಥಳ ಎಂಬಲ್ಲಿ ಊರಿನ ಹೆಸರನ್ನೂ ಕಲ್ಲಿನ ಹೆಸರನ್ನೂ ಅಚ್ಚುಹಾಕಿಸಿ. ಮೊದಲ ಆಹ್ವಾನವನ್ನು ಆ ಹೊಲದ ಯಜಮಾನರಿಗೆ, ಅವರ ಮನೆಗೇ ಹೋಗಿ, ಕೈಯಾರೆ ಕೊಟ್ಟು ಬನ್ನಿ.

ಇತಿ,
ನಿಮ್ಮ ಸಭೆಗಳ ಕೇಳುಗರಲ್ಲಿ ಒಬ್ಬ